ಸಮುದ್ರ ತೋರಿಸುವ ಮೊದಲು ಅದರಲ್ಲಿ ಯಾರಿದ್ದಾರೆ ಅಂತ ಹೇಳಿ: ಕಲಬುರಗಿ ಡಿಡಿಪಿಐ ಅವರಿಗೊಂದು ಬಹಿರಂಗ ಪತ್ರ

ಗೆ,
ಉಪನಿರ್ದೇಶಕರು,
ಶಾಲಾ ಶಿಕ್ಷಣ ಇಲಾಖೆ, ಕಲಬುರಗಿ.

ಮಾನ್ಯರೇ,

ಹೋದ ವಾರ ಮಗಳು ಶಾಲೆಯಿಂದ ಒಂದು ಚೀಟಿ ತಂದಳು. ಒಂಬತ್ತನೇ ತರಗತಿಯಲ್ಲಿ ಓದುತ್ತಾಳೆ. ಡಿಸೆಂಬರಿನಲ್ಲಿ ಪ್ರವಾಸವಂತೆ. ಗೋಕರ್ಣ, ಮುರುಡೇಶ್ವರ, ಉಡುಪಿ, ಮಲ್ಪೆ. ಹಗಲೆಲ್ಲ ತಿರುಗಾಟ, ರಾತ್ರಿಯೆಲ್ಲ ಬಸ್ಸು. ಎಷ್ಟು ದುಡ್ಡು ಕಟ್ಟಬೇಕು ಅನ್ನುವುದು ಚೀಟಿಯಲ್ಲಿತ್ತು. ಏನೇನು ತರಬೇಕು ಅನ್ನುವುದೂ ಇತ್ತು: ಬೆಡ್‌ಶೀಟು, ತಟ್ಟೆ, ಲೋಟ, ಎರಡು ದಿನಕ್ಕಾಗುವಷ್ಟು ಖಡಕ್ ರೊಟ್ಟಿ, ಶೇಂಗಾ ಹಿಂಡಿ. ಕೊನೆಯಲ್ಲಿ ದಪ್ಪ ಅಕ್ಷರದಲ್ಲಿ ಒಂದು ಸಾಲು: ಏನಾದರೂ ಅನಾಹುತವಾದರೆ ಶಾಲೆ ಹೊಣೆಯಲ್ಲ. ಅದರ ಕೆಳಗೆ ಪಾಲಕರ ಸಹಿಗೆ ಜಾಗ.

ಸಹಿ ಹಾಕಿದೆ. ಅವಳು ಸಮುದ್ರ ನೋಡಲಿ ಅಂತ ಅವಳಿಗಿಂತ ನನಗೇ ಜಾಸ್ತಿ ಆಸೆ. ಆದರೆ ಚೀಟಿಯನ್ನು ಇನ್ನೊಮ್ಮೆ ತಿರುಗಿಸಿ ನೋಡಿದೆ. ಉಡುಪಿ ಬಿಟ್ಟರೆ ಉಳಿದ ಮೂರು ಊರಿನಲ್ಲೂ ಮಕ್ಕಳು ನೀರಿಗೆ ಇಳಿಯುತ್ತಾರೆ. ಆ ನೀರಿನ ಬಗ್ಗೆ, ಆ ನೀರಿನಲ್ಲಿ ಇರುವವರ ಬಗ್ಗೆ ಒಂದಕ್ಷರವೂ ಇರಲಿಲ್ಲ. ಪ್ರವಾಸದ ಒಪ್ಪಿಗೆ ಕಡತ ತಮ್ಮ ಇಲಾಖೆಯನ್ನು ದಾಟಿಯೇ ಹೋಗಬೇಕಲ್ವಾ, ಅದಕ್ಕೇ ಈ ಪತ್ರ ತಮಗೆ.

ನಾನು ಗಂಜ್‌ನಲ್ಲಿ ಒಂದು ಬೇಳೆ ಮಿಲ್ಲಿನ ಲೆಕ್ಕ ಬರೆಯುವವನು. ಇಂಥವನು ಸರ್ಫಿಂಗ್, ಅಂದರೆ ಹಲಗೆ ಮೇಲೆ ನಿಂತು ಸಮುದ್ರದ ಅಲೆಯ ಜೊತೆ ಜಾರುವ ಆಟ, ಕಲಿತಿದ್ದೇನೆ ಅಂದರೆ ಜನ ನಗುತ್ತಾರೆ. ನಗಲಿ. ಭಾವನಿಗೆ ಮಂಗಳೂರಿಗೆ ವರ್ಗವಾದಾಗ ರಜೆಗೆ ಹೋಗಿದ್ದೆ. ಅಲ್ಲಿಂದ ಮೂಲ್ಕಿ ಹತ್ತಿರ. ಶಾಂಭವಿ ನದಿ ಸಮುದ್ರ ಸೇರುವ ಜಾಗ, ಪಕ್ಕದಲ್ಲೇ ಸಸಿಹಿತ್ಲು. ರಾಷ್ಟ್ರಮಟ್ಟದ ಸರ್ಫಿಂಗ್ ಸ್ಪರ್ಧೆ ನಡೆದ ಕಡಲತೀರ ಅದು. ನಮ್ಮೂರಿನ ಅಪ್ಪನ ಕೆರೆಯನ್ನೇ ದೊಡ್ಡ ನೀರು ಅಂದುಕೊಂಡು ಬೆಳೆದವನಿಗೆ ಹಲಗೆಯ ಹುಚ್ಚು ಹತ್ತಿತು. ಊರಿಗೆ ಬಂದ ಮೇಲೂ ಮಾಳಿಗೆ ಮೇಲೆ ಜಮಖಾನೆ ಹಾಸಿ, ಬೋರಲು ಮಲಗಿ, ಒಮ್ಮೆಲೇ ಎದ್ದು ನಿಲ್ಲುವ ಅಭ್ಯಾಸ ಮಾಡುತ್ತಿದ್ದೆ. "ಇದೇನೋ ಇದು, ಕಪ್ಪಿ ಕುಣದಂಗ ಕುಣೀತಿ" ಅಂತ ಅವ್ವ ಬೈಯುತ್ತಿದ್ದಳು.

ಹಲಗೆ ಮೇಲೆ ನಿಲ್ಲುವುದಕ್ಕಿಂತ ಕೂತು ಕಾಯುವುದೇ ಜಾಸ್ತಿ. ಅಲೆ ಮುರಿಯುವ ಜಾಗ ದಾಟಿ ಹೋಗಬೇಕು. ಹಲಗೆಯ ಎರಡೂ ಕಡೆ ಕಾಲು ಇಳಿಬಿಟ್ಟು, ಒಳ್ಳೆಯ ಅಲೆ ಬರುವವರೆಗೆ ಕೂತಿರಬೇಕು. ತೊಗರಿ ರೇಟು ಏರಲಿ ಅಂತ ಚೀಲದ ಮೇಲೆ ಕೂತ ರೈತನ ಹಾಗೆ.

ಮೂರನೇ ಸಲ ಹೋದಾಗ, ಒಂದು ಫೆಬ್ರವರಿ ಬೆಳಗ್ಗೆ, ಹಾಗೇ ಕೂತಿದ್ದೆ. ನೀರು ಎಣ್ಣೆ ಸವರಿದ ಹಾಗೆ ಇತ್ತು. ನಮ್ಮ ಮನೆ ಅಂಗಳದ ಅಗಲದಷ್ಟು ದೂರದಲ್ಲಿ ಒಂದು ರೆಕ್ಕೆ ಮೇಲೆದ್ದಿತು. ಬೂದು ಬಣ್ಣದ, ತ್ರಿಕೋನದ ರೆಕ್ಕೆ. ಎದ್ದು ಮುಳುಗಿತು.

ನನ್ನ ಕಾಲು ಎರಡೂ ನೀರಿನಲ್ಲಿದ್ದವು. ಎತ್ತಿಕೊಳ್ಳಲು ಹೋದೆ. ಹಲಗೆ ಮಗುಚಿತು. ಯಾವುದಕ್ಕೆ ಹೆದರಿದ್ದೆನೋ ಅದರ ಮನೆಯೊಳಗೇ ಬಿದ್ದೆ.

ಕಲಿಸುವ ಹುಡುಗ ಮೀನುಗಾರರ ಮನೆಯವನು. ಹತ್ತಿರ ಬಂದು ಹಲಗೆ ಹಿಡಿದುಕೊಂಡ. "ಹೆದರ್ಬೇಡಿ ಮಾರಾಯ್ರೆ. ಬೆನ್ನು ನೋಡಿ. ಬಾಗಿಕೊಂಡು ಮೇಲೆ ಬರ್ತದೆ, ಬಾಗಿಕೊಂಡು ಕೆಳಗೆ ಹೋಗ್ತದೆ. ಈಗ ಕಿವಿ ಕೊಡಿ" ಅಂದ. ಕೇಳಿದೆ. ಫುಸ್ ಅಂತ ಒಂದು ಸದ್ದು. ನಮ್ಮ ಕಡೆ ಎತ್ತು ಮೂಗಿನಲ್ಲಿ ಉಸಿರು ಬಿಡುತ್ತದಲ್ಲ, ಹಾಗೇ. ಡಾಲ್ಫಿನ್! ಮೂರಿದ್ದವು, ಅದರಲ್ಲಿ ಒಂದು ಮರಿ.

ಅವನು ಹೇಳಿಕೊಟ್ಟ ಗುರುತು ಇವತ್ತಿಗೂ ನೆನಪಿದೆ. ಡಾಲ್ಫಿನ್‌ನ ಬಾಲ ಅಡ್ಡಕ್ಕೆ ಇರುತ್ತದೆ. ಅದನ್ನು ಮೇಲೆ ಕೆಳಗೆ ಬಡಿಯುವುದರಿಂದ ಬೆನ್ನು ಕಮಾನಿನ ಹಾಗೆ ಎದ್ದು ಇಳಿಯುತ್ತದೆ. ಶಾರ್ಕಿನ ಬಾಲ ನೆಟ್ಟಗೆ ನಿಂತಿರುತ್ತದೆ. ಅದು ಎಡಕ್ಕೂ ಬಲಕ್ಕೂ ಬೀಸುವುದರಿಂದ ಬೆನ್ನಿನ ರೆಕ್ಕೆ ಒಂದೇ ಮಟ್ಟದಲ್ಲಿ ನೀರು ಸೀಳಿಕೊಂಡು ಹೋಗುತ್ತದೆ. ಡಾಲ್ಫಿನ್ ಮೀನಲ್ಲ. ಮರಿ ಹಾಕಿ ಹಾಲು ಕುಡಿಸುತ್ತದೆ, ಉಸಿರಾಡಲು ಮೇಲೆ ಬರಲೇಬೇಕು. ಅಂದು ನೋಡಿದವು ಬೆನ್ನ ಮೇಲೆ ಗೂನು ಇರುವ ಜಾತಿ. ದಡದ ಹತ್ತಿರದ ಆಳವಿಲ್ಲದ ನೀರು, ನದಿ ಬಂದು ಸೇರುವ ಅಳಿವೆ, ಇವೇ ಅವುಗಳ ಜಾಗ. ಜಗತ್ತಿನಲ್ಲಿ ಅಳಿವಿನ ಅಂಚಿಗೆ ಬಂದಿರುವ ಪ್ರಾಣಿಗಳ ಪಟ್ಟಿಯಲ್ಲಿ ಅವೂ ಇವೆ. 1972ರ ವನ್ಯಜೀವಿ ಕಾಯ್ದೆಯಲ್ಲಿ ಹುಲಿಗೆ ಇರುವಷ್ಟೇ ರಕ್ಷಣೆ ಅವಕ್ಕೂ ಇದೆ.

"ಏನು ಮಾಡ್ಬೇಕು ಈಗ?" ಅಂತ ಕೇಳಿದೆ. "ಏನೂ ಮಾಡ್ಬಾರ್ದು. ಬೆನ್ನಟ್ಟಬೇಡಿ. ತಾಯಿಗೂ ಮರಿಗೂ ನಡುವೆ ಹೋಗ್ಬೇಡಿ. ಸುಮ್ನೆ ಕೂತ್ಕೊಳ್ಳಿ" ಅಂದ. ಕೂತೆ. ಒಂದಷ್ಟು ಹೊತ್ತು ನಮ್ಮ ಸುತ್ತಲೇ ಇದ್ದು, ಅಳಿವೆ ಕಡೆ ಹೋದವು. ಅವತ್ತು ಒಂದು ಅಲೆಯನ್ನೂ ಹಿಡಿಯಲಿಲ್ಲ.

ಇದನ್ನೆಲ್ಲ ಸಂತೋಷಕ್ಕೆ ಹೇಳುತ್ತಿಲ್ಲ (ಸ್ವಲ್ಪ ಸಂತೋಷಕ್ಕೂ ಹೌದು). ಪಕ್ಕದಲ್ಲಿ ಗೊತ್ತಿದ್ದವನು ಒಬ್ಬ ಇದ್ದ. ಅವನಿಲ್ಲದಿದ್ದರೆ ಹೆದರಿಕೆಯಲ್ಲಿ ಕೈಕಾಲು ಬಡಿದು ನಾನೇ ನೀರು ಕುಡಿಯುತ್ತಿದ್ದೆ. ಪ್ರವಾಸದ ಬಸ್ಸಿನಲ್ಲಿ ಹೋಗುವ ಐವತ್ತು ಮಕ್ಕಳ ಪಕ್ಕದಲ್ಲಿ ಅಂಥವನು ಯಾರಿದ್ದಾನೆ?

ನನ್ನ ಪಕ್ಕದಲ್ಲಿ 2002ರಲ್ಲಿ ಯಾರೂ ಇರಲಿಲ್ಲ. ನಾನೂ ಆಗ ಒಂಬತ್ತನೇ ತರಗತಿ, ನಮ್ಮದೂ ಇದೇ ಥರ ಪ್ರವಾಸ. ಮೊಣಕಾಲು ಮಟ್ಟದ ನೀರಿನಲ್ಲಿ ನಿಂತಿದ್ದೆ. ಕಾಲಿಗೆ ದಾರ ಸುತ್ತಿಕೊಂಡ ಹಾಗಾಯಿತು. ಮರುಕ್ಷಣ ಬೆಂಕಿ. ಚೀರಿದೆ. ದಡಕ್ಕೆ ಎಳೆದು ತಂದರು. ಒಬ್ಬರು ಮರಳು ಹಾಕಿ ತಿಕ್ಕಿದರು. ಒಬ್ಬರು ಬಾಟಲಿಯ ಕುಡಿಯುವ ನೀರು ಸುರಿದರು. ಇನ್ನೊಬ್ಬರು ಮೂತ್ರ ಹಚ್ಚಬೇಕು ಅಂದರು. ಯಾರೂ ಮುಂದೆ ಬರಲಿಲ್ಲ, ಅದೊಂದು ಪುಣ್ಯ. ತಿಕ್ಕಿದಷ್ಟೂ ಉರಿ ಏರಿತು. ನಮ್ಮ ಮೇಷ್ಟ್ರು ಕಣ್ಣಲ್ಲಿ ನೀರು ತಂದುಕೊಂಡು ರಾತ್ರಿಯೆಲ್ಲ ನನ್ನ ಕಾಲನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು. ಅವರನ್ನು ದೂರುವುದಿಲ್ಲ. ಅವರೂ ಅವತ್ತೇ ಮೊದಲ ಸಲ ಸಮುದ್ರ ನೋಡಿದ್ದು. ಮೀನಖಂಡದ ಮೇಲೆ ಬರೆ ಎಳೆದ ಹಾಗೆ ಕಲೆ ಈಗಲೂ ಇದೆ.

ನನ್ನನ್ನು ಕಚ್ಚಿದ್ದು ಜೆಲ್ಲಿ ಫಿಶ್, ಅಂಬಲಿ ಮೀನು. ಕಚ್ಚಿದ್ದು ಅನ್ನುವುದೂ ತಪ್ಪೇ. ಅದಕ್ಕೆ ಹಲ್ಲಿಲ್ಲ. ಮೂಳೆ, ಮಿದುಳು, ಹೃದಯ ಯಾವುದೂ ಇಲ್ಲ, ಮೈಯೆಲ್ಲ ಹೆಚ್ಚುಕಮ್ಮಿ ನೀರೇ. ಅದರ ದಾರದಂಥ ಎಳೆಗಳಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ವಿಷದ ಗೂಡುಗಳಿರುತ್ತವೆ. ಮುಟ್ಟಿದ ಕೂಡಲೇ ಪ್ರತಿ ಗೂಡಿನಿಂದ ಒಂದು ಸೂಜಿ ಚಿಮ್ಮುತ್ತದೆ. ಎಲ್ಲ ಗೂಡೂ ಒಟ್ಟಿಗೆ ಸಿಡಿಯುವುದಿಲ್ಲ. ಎಷ್ಟೋ ಗೂಡು ಚರ್ಮದ ಮೇಲೆ ಸಿಡಿಯದೆ ಕೂತಿರುತ್ತವೆ. ಮರಳಲ್ಲಿ ತಿಕ್ಕಿದರೆ ಅವೂ ಸಿಡಿಯುತ್ತವೆ. ಸಿಹಿನೀರು ಬಿದ್ದರೂ ಅಷ್ಟೇ, ಸಿಡಿಯುತ್ತವೆ. ನನಗೆ ಅವತ್ತು ಎರಡೂ ಆಯಿತು. ಪ್ರೀತಿಯಿಂದಲೇ ಆಯಿತು.

ಮಾಡಬೇಕಾದ್ದು ಬಹಳ ಸಣ್ಣದು. ಸಮುದ್ರದ ನೀರಿನಿಂದಲೇ ತೊಳೆಯಬೇಕು. ಅಂಟಿಕೊಂಡ ಎಳೆಯನ್ನು ಚಿಮುಟದಿಂದ ಮೆಲ್ಲಗೆ ಎತ್ತಿ ತೆಗೆಯಬೇಕು, ಬರಿಗೈಯಲ್ಲಿ ಅಲ್ಲ. ಆಮೇಲೆ ತಾಳುವಷ್ಟು ಬಿಸಿನೀರಿನಲ್ಲಿ, ಅಂದರೆ 40ರಿಂದ 45 ಡಿಗ್ರಿ, ಇಪ್ಪತ್ತು ಮೂವತ್ತು ನಿಮಿಷ ಇಟ್ಟರೆ ನೋವು ಇಳಿಯುತ್ತದೆ. ಉಸಿರು ಕಟ್ಟಿದರೆ, ವಾಂತಿಯಾದರೆ, ಮುಖ ಊದಿದರೆ ಒಂದು ನಿಮಿಷವೂ ಕಾಯದೆ ಆಸ್ಪತ್ರೆ. ವಿನೆಗರ್ ಎಲ್ಲ ಜಾತಿಗೂ ಒಗ್ಗುವುದಿಲ್ಲ, ಹಾಗಾಗಿ ಅದನ್ನು ನಂಬಿ ಕೂರುವುದು ಬೇಡ. ಇನ್ನೊಂದು: ದಡದಲ್ಲಿ ಸತ್ತು ಬಿದ್ದ ಅಂಬಲಿ ಮೀನನ್ನೂ ಮುಟ್ಟಬಾರದು. ಅದು ಸತ್ತರೂ ಅದರ ಸೂಜಿಗಳು ಸತ್ತಿರುವುದಿಲ್ಲ. ನಮ್ಮ ಮಕ್ಕಳು ಮೊದಲು ಮಾಡುವ ಕೆಲಸವೇ ಅದು, ಪ್ಲಾಸ್ಟಿಕ್ ಅಂದುಕೊಂಡು ಎತ್ತುವುದು. ಕಡಲಾಮೆಗಳು ಇದೇ ತಪ್ಪನ್ನು ತಿರುಗಾಮುರುಗಾ ಮಾಡುತ್ತವೆ. ತೇಲುವ ಪ್ಲಾಸ್ಟಿಕ್ ಚೀಲವನ್ನು ಅಂಬಲಿ ಮೀನು ಅಂದುಕೊಂಡು ನುಂಗುತ್ತವೆ. ನಾನು ಹಲಗೆ ಮೇಲಿಂದ ಒಂದೇ ಒಂದು ಸಲ ಆಮೆ ನೋಡಿದ್ದೇನೆ. ತೆಂಗಿನಕಾಯಿ ತೇಲುತ್ತಿದೆ ಅಂದುಕೊಂಡಿದ್ದೆ. ಕಾಯಿ ಕಣ್ಣು ಬಿಟ್ಟು ನನ್ನನ್ನು ನೋಡಿ ಮುಳುಗಿತು. ಕುಂದಾಪುರ, ಹೊನ್ನಾವರ, ಕಾರವಾರದ ಮರಳಲ್ಲಿ ಅವು ಮೊಟ್ಟೆ ಇಡುತ್ತವೆ, ಒಂದು ಗುಂಡಿಗೆ ನೂರರ ಸುಮಾರು.

ತೊರಕೆ ಮೀನಿನ ಬಗ್ಗೆಯೂ ಹೇಳಬೇಕು. ತಟ್ಟೆಯ ಹಾಗೆ ಚಪ್ಪಟೆ ಮೈ, ಬಾಲದಲ್ಲಿ ವಿಷದ ಮುಳ್ಳು. ತೆಳುವಾಗಿ ಮರಳು ಹೊದ್ದು ತಳದಲ್ಲಿ ಮಲಗಿರುತ್ತದೆ. ತಾನಾಗಿ ಮೈಮೇಲೆ ಬರುವುದಿಲ್ಲ, ತುಳಿದರೆ ಮಾತ್ರ ಬಾಲ ಬೀಸುತ್ತದೆ. ಅದಕ್ಕೇ ಸರ್ಫಿಂಗ್‌ನವರು ನೀರಿನಲ್ಲಿ ಕಾಲೆತ್ತಿ ನಡೆಯುವುದಿಲ್ಲ, ತಳಕ್ಕೆ ತಿಕ್ಕುತ್ತ ಎಳೆದುಕೊಂಡು ನಡೆಯುತ್ತಾರೆ. ಕಾಲ ಸದ್ದಿಗೆ ಅದು ಎದ್ದು ಹೋಗುತ್ತದೆ. ಕತ್ತಲಲ್ಲಿ ಹೊಲಕ್ಕೆ ಹೋಗುವಾಗ ಹಾವು ಸರಿಯಲಿ ಅಂತ ನಾವು ಕೋಲು ಬಡಿಯುವುದಿಲ್ಲವೇ, ಅದೇ ಲೆಕ್ಕ. ಹಾವು ಅಂದಾಗ ನೆನಪಾಯಿತು, ಕಡಲ ಹಾವಿಗೆ ಬಾಲ ದೋಣಿಯ ಹುಟ್ಟಿನ ಹಾಗೆ ಚಪ್ಪಟೆ ಇರುತ್ತದೆ. ಬಲೆಗೆ ಸಿಕ್ಕಿ ದಡಕ್ಕೆ ಬಂದ ಹಾವು ಸುಸ್ತಾಗಿ ಬಿದ್ದಿರುತ್ತದೆ, ಪಾಪ ಅಂತ ಹಿಡಿಯಬಾರದು. ವಿಷ ಜೋರು.

ಈ ಪ್ರಾಣಿಗಳಿಗಿಂತ ನೀರೇ ದೊಡ್ಡ ಅಪಾಯ ಅನ್ನುವುದು ನನಗೂ ಗೊತ್ತು. 2024ರ ಡಿಸೆಂಬರಿನಲ್ಲಿ ಮುರುಡೇಶ್ವರದಲ್ಲಿ ಕೋಲಾರ ಜಿಲ್ಲೆಯ ವಸತಿ ಶಾಲೆಯ ನಾಲ್ವರು ಹೆಣ್ಣುಮಕ್ಕಳು ನೀರುಪಾಲಾದರು. ಅವರದೂ ಶಾಲಾ ಪ್ರವಾಸವೇ. ಆ ಸುದ್ದಿ ಓದಿದ ರಾತ್ರಿ ನಿದ್ದೆ ಬರಲಿಲ್ಲ. ಸಮುದ್ರ ಒಳಕ್ಕೆ ಸೆಳೆಯುವಾಗ ದಡದ ಕಡೆ ನೇರ ಈಜಿ ಸೋಲುವ ಬದಲು, ದಡದ ಉದ್ದಕ್ಕೆ ಪಕ್ಕಕ್ಕೆ ಸರಿದು ಸೆಳೆತದಿಂದ ಹೊರಬರಬೇಕು. ಮೂಲ್ಕಿಯಲ್ಲಿ ಹಲಗೆ ಮುಟ್ಟುವ ಮೊದಲು ಹೇಳಿಕೊಟ್ಟ ಪಾಠ ಅದು. ಈಜು ಬರದ ಮಗುವಿಗೆ ಇದೂ ಸಾಲದು, ಅದು ಮೊಣಕಾಲು ದಾಟಿ ಹೋಗಲೇಬಾರದು.

ನಮಗೂ ಸಮುದ್ರಕ್ಕೂ ಸಂಬಂಧವಿಲ್ಲ ಅಂತ ಕೆಲವರು ಹೇಳಬಹುದು. ತಮ್ಮ ಕಚೇರಿಯ ನೆಲಕ್ಕೆ ಶಹಾಬಾದ್ ಫರ್ಸಿ ಹಾಕಿದ್ದರೆ ಒಮ್ಮೆ ಬಗ್ಗಿ ನೋಡಿ. ಆ ಸುಣ್ಣದ ಕಲ್ಲು ಕೋಟ್ಯಂತರ ವರ್ಷದ ಹಿಂದೆ, ಮೀನುಗಳೇ ಹುಟ್ಟುವ ಮೊದಲು, ಆಳವಿಲ್ಲದ ಒಂದು ಸಮುದ್ರದ ತಳದಲ್ಲಿ ಪದರ ಪದರವಾಗಿ ಕೂತ ಕೆಸರು. ಸಮುದ್ರ ನಮ್ಮನ್ನು ಬಿಟ್ಟು ನೂರಾರು ಕಿಲೋಮೀಟರು ದೂರ ಹೋಯಿತು, ಅಷ್ಟೇ.

ಹೋದ ಭಾನುವಾರ ಮಗಳ ಗೆಳತಿಯರನ್ನು ಮಾಳಿಗೆ ಮೇಲೆ ಕೂರಿಸಿಕೊಂಡು ಇದನ್ನೆಲ್ಲ ಹೇಳಿದೆ. ಒಂದು ಗಂಟೆ ಸಾಕಾಯಿತು. ಕಾಲೆಳೆದು ನಡೆಯುವುದನ್ನು ಜಮಖಾನೆ ಮೇಲೆ ಮಾಡಿ ತೋರಿಸಿದೆ, ಬಿದ್ದು ಬಿದ್ದು ನಕ್ಕರು. ಒಬ್ಬಳು ಕೇಳಿದಳು, "ಕಾಕಾ, ಸಮುದ್ರದಾಗ ಮೊಸಳಿ ಇರ್ತಾವೇನ್ರಿ?" ಮಲ್ಪೆಯಲ್ಲಿ ಅದರ ಚಿಂತೆ ಬೇಡವ್ವ, ಮೊಸಳೆ ನಮ್ಮ ಕೃಷ್ಣಾ ನದಿಯಲ್ಲೇ ಇವೆ ಅಂದೆ. ಎಲ್ಲರ ಮುಖ ನೋಡಬೇಕಿತ್ತು.

ನಾನು ಕೇಳುತ್ತಿರುವುದು ಇಷ್ಟು. ಕರಾವಳಿಗೆ ಹೋಗುವ ಯಾವ ಶಾಲೆಗೇ ಆಗಲಿ, ಸರಕಾರದ ಕರ್ನಾಟಕ ದರ್ಶನದಲ್ಲಿ ಹೋಗುವವರಿಗೂ ಸೇರಿಸಿ, ಒಪ್ಪಿಗೆ ಕೊಡುವ ಮೊದಲು ತಾವು ಒಂದು ಷರತ್ತು ಹಾಕಿ. ಹೊರಡುವ ವಾರದಲ್ಲಿ ಒಂದು ಪೀರಿಯಡ್ಡು ಸಮುದ್ರದ ಪಾಠ, ಮಕ್ಕಳಿಗೂ ಜೊತೆಗೆ ಹೋಗುವ ಮೇಷ್ಟ್ರು, ಟೀಚರುಗಳಿಗೂ. ಚೀಟಿಯ ಹಿಂದೆ ಖಾಲಿ ಇರುವ ಪುಟದಲ್ಲಿ ಏನು ಮುಟ್ಟಬಾರದು, ಮುಟ್ಟಿದರೆ ಏನು ಮಾಡಬೇಕು ಅಂತ ಹತ್ತು ಸಾಲು, ಕನ್ನಡದಲ್ಲೂ ಉರ್ದುವಿನಲ್ಲೂ. ಪ್ರಥಮ ಚಿಕಿತ್ಸೆಯ ಡಬ್ಬಿಯಲ್ಲಿ ಒಂದು ಚಿಮುಟ, ಬಸ್ಸಿನಲ್ಲಿ ಬಿಸಿನೀರಿನ ದೊಡ್ಡ ಫ್ಲಾಸ್ಕು.

ಆ ಹತ್ತು ಸಾಲನ್ನು ಲೆಕ್ಕ ಬರೆಯುವ ನನ್ನಂಥವನು ಬರೆಯುವುದು ಬೇಡ. ಮಂಗಳೂರಿನ ಮೀನುಗಾರಿಕಾ ಕಾಲೇಜು ಯಾವ ವಿಶ್ವವಿದ್ಯಾಲಯಕ್ಕೆ ಸೇರಿದ್ದು ಗೊತ್ತಲ್ಲ? ನಮ್ಮ ಬೀದರಿನ ಪಶುವೈದ್ಯಕೀಯ, ಪಶು ಮತ್ತು ಮೀನುಗಾರಿಕಾ ವಿಜ್ಞಾನಗಳ ವಿಶ್ವವಿದ್ಯಾಲಯಕ್ಕೆ. ಸಮುದ್ರ ಬಲ್ಲವರ ಮುಖ್ಯ ಕಚೇರಿ ಎರಡು ಮೂರು ಗಂಟೆಯ ದಾರಿಯಲ್ಲಿದೆ. ತಮ್ಮ ಕಚೇರಿಯಿಂದ ಒಂದು ಪತ್ರ ಹೋದರೆ ಸಾಕು, ಬರೆದುಕೊಡುತ್ತಾರೆ ಅನ್ನುವುದು ನನ್ನ ನಂಬಿಕೆ.

ಪಾಠ ಮಾಡಲು ಜನ ಸಿಗದಿದ್ದರೆ ನಾನು ಬರುತ್ತೇನೆ. ಶನಿವಾರ ಮಧ್ಯಾಹ್ನ ಮಿಲ್ಲಿಗೆ ರಜೆ. ದುಡ್ಡು ಬೇಡ. ಮೀನಖಂಡದ ಕಲೆಯನ್ನೂ ತೋರಿಸುತ್ತೇನೆ, ಮಕ್ಕಳು ಅದನ್ನು ಪಾಠಕ್ಕಿಂತ ಚೆನ್ನಾಗಿ ನೆನಪಿಡುತ್ತಾರೆ. ಹೋದ ವರ್ಷ ಹಳೆಯದೊಂದು ಹಲಗೆ ಕೊಂಡು ತಂದಿದ್ದೇನೆ, ಮಾಳಿಗೆ ಮೇಲಿದೆ. ನೋಡಬೇಕು ಅಂದರೆ ಅದನ್ನೂ ತರುತ್ತೇನೆ. ಎಂಟು ಅಡಿ ಉದ್ದ, ಆಟೋದಲ್ಲಿ ಹಿಡಿಸುವುದಿಲ್ಲ. ಒಂದು ಟಂಟಂ ವ್ಯವಸ್ಥೆ ಮಾತ್ರ ತಮ್ಮ ಕಡೆಯಿಂದ ಆಗಬೇಕು.

ಇಂತಿ,
ಒಂಬತ್ತನೇ ತರಗತಿ ಹುಡುಗಿಯೊಬ್ಬಳ ತಂದೆ,
ಕಲಬುರಗಿ