ರಸ್ತೆಯಲ್ಲಿ ಸತ್ತ ಕಾಡುಪ್ರಾಣಿ ಯಾರ ಪಾಲು?

ಮಾನ್ಯರೇ,

ಕಳೆದ ಮಳೆಗಾಲದ ಒಂದು ಮುಂಜಾನೆ ನಮ್ಮ ಕೊಡಗಿನ ತಿತಿಮತಿಯಿಂದ ಆನೆಚೌಕೂರಿನ ಕಡೆಗೆ ಹೋಗುತ್ತಿದ್ದಾಗ, ರಾತ್ರಿ ಯಾವುದೋ ವಾಹನಕ್ಕೆ ಸಿಕ್ಕಿ ಸತ್ತಿದ್ದ ಜಿಂಕೆಯೊಂದು ರಸ್ತೆಯಂಚಿನಲ್ಲಿ ಬಿದ್ದಿತ್ತು. ಜೊತೆಗಿದ್ದ ಸ್ನೇಹಿತರು, ‘ಇದನ್ನು ನಾವು ಕೊಂದಿಲ್ಲ, ಕೊಲ್ಲಿಸಿಯೂ ಇಲ್ಲ, ಕೊಳೆಯಲು ಬಿಡುವುದಕ್ಕಿಂತ ಅಡುಗೆ ಮಾಡಿ ತಿನ್ನುವುದರಲ್ಲಿ ತಪ್ಪೇನು?’ ಎಂದು ಕೇಳಿದರು. ಹಬ್ಬಕ್ಕೂ ಮದುವೆಗೂ ಪಂದಿಕರಿ (ಹಂದಿಮಾಂಸದ ಸಾರು) ಬೇಕೆನ್ನುವ ನಾಡಿನವನಾಗಿ ನಾನು ಆ ಪ್ರಶ್ನೆಯನ್ನು ತಳ್ಳಿಹಾಕಲಾರೆ. ಇಕ್ಕಟ್ಟಾದ ದೊಡ್ಡಿಯಲ್ಲಿ ಬೆಳೆಸಿ ಕಡಿದ ಹಂದಿಯ ಮಾಂಸಕ್ಕಿಂತ, ಆಕಸ್ಮಿಕವಾಗಿ ಸತ್ತ ಪ್ರಾಣಿಯ ಮಾಂಸ ತಿನ್ನುವುದರಲ್ಲಿ ಹಿಂಸೆಯ ಪಾಲು ಕಡಿಮೆ ಎಂಬುದು ನಿಜ. ಅಮೆರಿಕದ ಅಲಾಸ್ಕದಲ್ಲಿ ವಾಹನಕ್ಕೆ ಬಲಿಯಾದ ಮೂಸ್ ಎಂಬ ಭಾರೀ ಜಿಂಕೆಗಳ ಮಾಂಸವನ್ನು ದತ್ತಿ ಸಂಸ್ಥೆಗಳಿಗೆ ಕೊಡುತ್ತಾರೆ; ಆರೆಗಾನ್ ರಾಜ್ಯ 2019ರಿಂದ ಜಿಂಕೆ, ಎಲ್ಕ್‌ಗಳನ್ನು ಪರವಾನಗಿ ಪಡೆದು ಒಯ್ಯಲು ಬಿಟ್ಟಿದೆ, ಆದರೆ ತಲೆ ಮತ್ತು ಕೊಂಬನ್ನು ಇಲಾಖೆಗೆ ಒಪ್ಪಿಸಲೇಬೇಕು.

ಆದರೂ ಆ ಪದ್ಧತಿ ನಮ್ಮ ಜಿಲ್ಲೆಗೆ ಬೇಡವೆಂದೇ ನನ್ನ ದೃಢವಾದ ಅಭಿಪ್ರಾಯ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ 39ನೇ ಕಲಮಿನಂತೆ ಸತ್ತು ಸಿಕ್ಕ ಕಾಡುಪ್ರಾಣಿಯೂ ಅದರ ಮಾಂಸವೂ ಸರ್ಕಾರದ ಸ್ವತ್ತು. ಕೈಲ್‌ಪೊಳ್ದು ಹಬ್ಬದಂದು ಕೋವಿಯನ್ನು ಪೂಜಿಸುವ ನಮ್ಮ ಮನೆಗಳಲ್ಲಿ ಅದರ ಮೇಲಿನ ಗೌರವ ಎಷ್ಟು ದೊಡ್ಡದೋ, ತೋಟದಂಚಿನಲ್ಲಿ ಗುಟ್ಟಾಗಿ ಉರುಳು ಹಾಕುವವರ ಆಸೆಯೂ ಅಷ್ಟೇ ದೊಡ್ಡದು. ಈ ಕಲಮನ್ನು ಸಡಿಲಿಸಿದರೆ ‘ಜೀಪಿಗೆ ಸಿಕ್ಕಿ ಸತ್ತದ್ದು’ ಎಂಬ ಒಂದೇ ಮಾತಿನಿಂದ ಕಳ್ಳಬೇಟೆಯ ಮಾಂಸವೆಲ್ಲ ಸಕ್ರಮವಾಗಿಬಿಡುತ್ತದೆ. ಹೊಟ್ಟೆಯೊಡೆದು ಎಷ್ಟು ಹೊತ್ತಾಯಿತೋ ತಿಳಿಯದ ಮಾಂಸದಿಂದ ಆರೋಗ್ಯಕ್ಕಿರುವ ಅಪಾಯ ಬೇರೆ.

ಅದಕ್ಕಿಂತ ಮುಖ್ಯವಾಗಿ, ಆ ಜಿಂಕೆ ‘ವ್ಯರ್ಥ’ವಾಗುತ್ತಿತ್ತು ಎಂಬ ಮಾತನ್ನೇ ನಾನು ಒಪ್ಪುವುದಿಲ್ಲ. ನರಿ, ಮುಂಗುಸಿ, ಕಾಡುಹಂದಿ, ಹದ್ದು, ಹಸಿವಾದರೆ ಚಿರತೆ, ಕೊನೆಗೆ ಹುಳುಗಳವರೆಗೆ ಅದನ್ನು ಉಣ್ಣುವವರು ಕಾಡಿನಲ್ಲಿ ಸಾಲಾಗಿ ಕಾದಿರುತ್ತಾರೆ. ದುಃಖದ ಸಂಗತಿಯೆಂದರೆ, ಹೆಣ ಡಾಂಬರಿನ ಮೇಲೆಯೇ ಬಿದ್ದಿದ್ದರೆ ಉಣ್ಣಲು ಬಂದ ಪ್ರಾಣಿಯೂ ಮುಂದಿನ ವಾಹನಕ್ಕೆ ಸಿಗುತ್ತದೆ. ನಾವು ಅರಣ್ಯ ಇಲಾಖೆಗೆ ಫೋನ್ ಮಾಡಿ ಕಾದು ನಿಂತ ಅರ್ಧ ಗಂಟೆಯಲ್ಲಿ ಎರಡು ಬಾರಿ ಮುಂಗುಸಿಯೊಂದು ರಸ್ತೆಗಿಳಿದು, ವಾಹನದ ಸದ್ದಿಗೆ ಓಡಿಹೋಯಿತು.

ಆದುದರಿಂದ ಮಹಜರು ಮುಗಿದೊಡನೆ, ರೋಗದ ಶಂಕೆಯಿಲ್ಲದ ಇಂತಹ ಕಳೇಬರಗಳನ್ನು ಹೂಳದೆ, ಸುಡದೆ, ರಸ್ತೆಯಿಂದ ಬಹಳ ದೂರಕ್ಕೆ ಕಾಡಿನೊಳಗೆ ಒಯ್ದು ಬಿಡುವ ವ್ಯವಸ್ಥೆಯನ್ನು ಇಲಾಖೆ ಮಾಡಬೇಕು. ತಿತಿಮತಿ ರಸ್ತೆಯಲ್ಲಿ ರಾತ್ರಿ ವೇಗವನ್ನು ತಗ್ಗಿಸುವ ಉಬ್ಬುಗಳನ್ನು ಈ ಮಳೆಗಾಲಕ್ಕೆ ಮೊದಲೇ ಹಾಕಿಸಬೇಕೆಂದು ವಿನಂತಿಸುತ್ತೇನೆ.

– ಒಬ್ಬ ಕಾಫಿ ಬೆಳೆಗಾರ, ಪೊನ್ನಂಪೇಟೆ