ಮಕ್ಕಳ ಪುಸ್ತಕದ ಜಗಳದಲ್ಲಿ ಮಕ್ಕಳ ಮಾತಿಗೂ ಜಾಗ ಕೊಡಿ

ಮಾನ್ಯ ಸಂಪಾದಕರಿಗೆ ನಮಸ್ಕಾರ.

ಬೇಸಿಗೆ ರಜೆಯಲ್ಲಿ ಮಕ್ಕಳು ಓದಬಹುದಾದ ಪುಸ್ತಕಗಳ ಪಟ್ಟಿಯನ್ನು ನಿಮ್ಮ ಭಾನುವಾರದ ಪುರವಣಿಯಲ್ಲಿ ಹಾಕಿದ್ದಿರಿ. ಅದರಲ್ಲಿ ಅಮೆರಿಕದ ಲೇಖಕಿ ಮ್ಯಾಡಲಿನ್ ಲೆಂಗಲ್ ಅವರ ‘ಎ ರಿಂಕಲ್ ಇನ್ ಟೈಮ್’ ಕಾದಂಬರಿಯೂ ಇತ್ತು. ಆಮೇಲೆ ಅದರ ಬಗ್ಗೆ ಈ ಅಂಕಣದಲ್ಲಿ ಮೂರು ಪತ್ರಗಳು ಬಂದವು. ಇದು ಕ್ರೈಸ್ತ ಧರ್ಮದ ಪ್ರಚಾರ, ನಮ್ಮ ಮಕ್ಕಳಿಗೆ ಬೇಡ ಎಂದು ಒಬ್ಬರು. ಐದನೇ ಆಯಾಮ ಅದೂ ಇದೂ ಎಂದು ತಲೆ ಕೆಡಿಸುತ್ತದೆ, ಹತ್ತು ಹನ್ನೆರಡು ವರ್ಷದವರಿಗೆ ಅರ್ಥವಾಗಲ್ಲ ಎಂದು ಇನ್ನೊಬ್ಬರು. ಕಮ್ಯುನಿಸ್ಟ್ ದೇಶಗಳ ಬಣ್ಣ ಬಯಲು ಮಾಡುವ ಒಳ್ಳೆಯ ಪುಸ್ತಕ, ಕಡ್ಡಾಯವಾಗಿ ಓದಿಸಿ ಎಂದು ಮತ್ತೊಬ್ಬರು. ಮೂವರೂ ತಿಳಿದವರೇ. ಆದರೆ ಇದನ್ನು ಓದಿದ ಒಂದು ಮಗು ಏನು ಹೇಳಿತು ಎನ್ನುವುದು ಮೂರರಲ್ಲಿ ಒಂದರಲ್ಲೂ ಇರಲಿಲ್ಲ. ಅದಕ್ಕೇ ಈ ಪತ್ರ.

ನಾನು ತಿಪಟೂರಿನವಳು. ಪ್ರೌಢಶಾಲೆಯಲ್ಲಿ ಗಣಿತ ಹೇಳಿಕೊಟ್ಟು ನಿವೃತ್ತಳಾಗಿದ್ದೇನೆ. ಶನಿವಾರ ಮಧ್ಯಾಹ್ನ ಶಾಲೆ ಬಿಟ್ಟ ಮೇಲೆ ನಮ್ಮ ಬೀದಿಯ ಮಕ್ಕಳು ನಮ್ಮ ಮನೆಯ ಪಡಸಾಲೆಯಲ್ಲಿ ಸೇರುತ್ತಾರೆ. ಆರನೇ ಕ್ಲಾಸಿನಿಂದ ಒಂಬತ್ತನೇ ಕ್ಲಾಸಿನವರೆಗಿನವರು. ಇಂಗ್ಲಿಷ್ ಪುಸ್ತಕವನ್ನು ಎದುರಿಗೆ ಇಟ್ಟುಕೊಂಡು ನಾನು ಕನ್ನಡದಲ್ಲಿ ಹೇಳುತ್ತಾ ಹೋಗುತ್ತೇನೆ. ಓದಬಲ್ಲವರು ಮನೆಗೆ ಒಯ್ದು ತಾವೇ ಓದುತ್ತಾರೆ. ಹೋದ ಮಳೆಗಾಲ ಪೂರ್ತಿ ಈ ಪುಸ್ತಕವೇ ನಡೆಯಿತು.

ಗೊತ್ತಿಲ್ಲದವರಿಗಾಗಿ ಕಥೆಯ ಎಳೆ ಹೇಳಿಬಿಡುತ್ತೇನೆ. ಮೆಗ್ ಎಂಬ ಹುಡುಗಿಯ ಅಪ್ಪ ವಿಜ್ಞಾನಿ. ಸರ್ಕಾರದ ಗುಟ್ಟಿನ ಕೆಲಸಕ್ಕೆ ಹೋದವರು ಎಲ್ಲಿದ್ದಾರೆ ಎಂಬುದೇ ತಿಳಿಯದು. ಮೆಗ್, ಅವಳ ಪುಟ್ಟ ತಮ್ಮ ಚಾರ್ಲ್ಸ್ ವ್ಯಾಲೇಸ್, ಅದೇ ಶಾಲೆಯ ಕ್ಯಾಲ್ವಿನ್ ಮೂವರೂ ಅವರನ್ನು ಹುಡುಕಿಕೊಂಡು ಬೇರೆ ಗ್ರಹಗಳಿಗೆ ಹೋಗುತ್ತಾರೆ. ಕರೆದುಕೊಂಡು ಹೋಗುವವರು ಮೂವರು ವಿಚಿತ್ರ ಅಜ್ಜಿಯರು. ಅಪ್ಪ ಸೆರೆಯಾಗಿರುವುದು ಕಮಾಜೋಟ್ಜ್ ಎಂಬ ಗ್ರಹದಲ್ಲಿ. ಅಲ್ಲಿ ಎಲ್ಲರ ತಲೆಯನ್ನೂ ಆಳುವುದು ‘ಇಟ್’ ಎಂಬ, ಮೈಯಿಲ್ಲದ ಒಂದು ದೊಡ್ಡ ಮೆದುಳು.

ಪುಸ್ತಕ ಕಷ್ಟ ಎಂಬ ದೂರು ಹೊಸದಲ್ಲ. ಇದು ಅಚ್ಚಾಗಿದ್ದು 1962ರಲ್ಲಿ. ಅದಕ್ಕೆ ಮೊದಲು 26 ಪ್ರಕಾಶಕರು ಬೇಡ ಎಂದಿದ್ದರು ಎಂದು ಲೆಂಗಲ್ ಹೇಳಿಕೊಂಡಿದ್ದಾರೆ. ಮಕ್ಕಳಿಗೋ ದೊಡ್ಡವರಿಗೋ ಎಂಬುದೇ ಅವರಿಗೆ ತಿಳಿಯಲಿಲ್ಲವಂತೆ. ಮಾರನೇ ವರ್ಷ, 1963ರಲ್ಲಿ, ಅಮೆರಿಕದಲ್ಲಿ ಮಕ್ಕಳ ಸಾಹಿತ್ಯಕ್ಕೆ ಕೊಡುವ ನ್ಯೂಬೆರಿ ಪದಕ ಇದೇ ಪುಸ್ತಕಕ್ಕೆ ಬಂತು. ಅಷ್ಟು ಮಂದಿ ದೊಡ್ಡವರಿಗೆ ತಿಳಿಯದ್ದು ಮಕ್ಕಳಿಗೆ ತಿಳಿಯಿತು.

ನಮ್ಮ ಪಡಸಾಲೆಯಲ್ಲೂ ಹಾಗೇ ಆಯಿತು. ದೂರದ ಗ್ರಹಕ್ಕೆ ಕ್ಷಣದಲ್ಲಿ ಹೋಗುವುದು ಹೇಗೆ ಎಂದು ಆ ಅಜ್ಜಿಯರು ಮಕ್ಕಳಿಗೆ ತೋರಿಸುತ್ತಾರೆ. ಒಬ್ಬಳು ತನ್ನ ನಿಲುವಂಗಿಯ ಅಂಚನ್ನು ಎರಡು ಕೈಯಲ್ಲಿ ಬಿಗಿಯಾಗಿ ಹಿಡಿಯುತ್ತಾಳೆ. ಬಲಗೈಯಿಂದ ಎಡಗೈಗೆ ಇರುವೆ ನಡೆದು ಹೋಗಬೇಕಾದರೆ ದೂರ. ಎರಡೂ ಕೈಗಳನ್ನು ಹತ್ತಿರ ತಂದರೆ ಬಟ್ಟೆ ಮಡಚುತ್ತದೆ, ಇರುವೆ ಆಗಲೇ ಆ ಕಡೆ ಇರುತ್ತದೆ. ಏಳನೇ ಕ್ಲಾಸಿನ ಹುಡುಗನೊಬ್ಬ ತನ್ನ ಟವೆಲ್ ಹಿಡಿದು ಮಾಡಿಯೇ ತೋರಿಸಿದ. ಗಣಿತದವಳಾಗಿ ಒಂದು ಮಾತು ಹೇಳಲೇಬೇಕು. ಹೀಗೆ ಮಡಚಿ ಹೋಗುವುದಕ್ಕೆ ಪುಸ್ತಕದಲ್ಲಿ ಟೆಸರಾಕ್ಟ್ ಎಂದು ಹೆಸರು. ಗಣಿತದಲ್ಲಿ ಟೆಸರಾಕ್ಟ್ ಅಂದರೆ ನಾಲ್ಕು ಆಯಾಮದ ಘನ. ಲೆಂಗಲ್ ಅದನ್ನು ಐದನೇ ಆಯಾಮ ಎಂದು ಬಿಟ್ಟಿದ್ದಾರೆ. ವಿಜ್ಞಾನ ಬಲ್ಲ ಓದುಗರಲ್ಲಿ ಕೆಲವರು ಇದಕ್ಕೆ ಸಿಟ್ಟಾಗುತ್ತಾರೆ, ಅವರ ಸಿಟ್ಟು ತಪ್ಪಲ್ಲ. ಆದರೆ ಅದೇ ನೆಪದಲ್ಲಿ ನಾನು ಬೋರ್ಡಿನ ಮೇಲೆ ಗೆರೆ, ಚೌಕ, ಘನ ಬರೆದೆ. ಗೆರೆಗೆ 2 ತುದಿ, ಚೌಕಕ್ಕೆ 4 ಮೂಲೆ, ಘನಕ್ಕೆ 8. ಮುಂದಿನದಕ್ಕೆ? 16 ಎಂದು ಮಕ್ಕಳೇ ಕೂಗಿದರು. ಕಣ್ಣಿಗೆ ಕಾಣದ ಆಕಾರದ ಮೂಲೆಗಳನ್ನು ಎಣಿಸಿದ ಮಕ್ಕಳಿಗೆ ಈ ಪುಸ್ತಕ ಕಷ್ಟ ಎಂದು ನಾನು ಹೇಗೆ ಹೇಳಲಿ?

ಇನ್ನು ಧರ್ಮದ ವಿಷಯ. ಲೆಂಗಲ್ ಕ್ರೈಸ್ತ ಭಕ್ತೆ, ನಿಜ. ನ್ಯೂಯಾರ್ಕಿನ ದೊಡ್ಡ ಚರ್ಚೊಂದರಲ್ಲಿ ಗ್ರಂಥಪಾಲಕಿಯಾಗಿ ಕೆಲಸ ಮಾಡಿದವರು. ಪುಸ್ತಕದಲ್ಲಿ ಬೈಬಲ್ಲಿನ ಸಾಲುಗಳು ಇವೆ, ಅವನ್ನು ಅವರು ಬಚ್ಚಿಡುವುದಿಲ್ಲ. ಆದರೆ ಅಮೆರಿಕದಲ್ಲಿ ಈ ಪುಸ್ತಕವನ್ನು ಶಾಲೆಗಳಿಂದ ತೆಗೆಸಲು ಓಡಾಡಿದವರಲ್ಲಿ ಕ್ರೈಸ್ತ ತಂದೆತಾಯಿಯರೇ ಜಾಸ್ತಿ ಎಂಬುದನ್ನು ಪತ್ರ ಬರೆದವರು ಗಮನಿಸಬೇಕು. ಮಾಟಗಾತಿಯರ ಹಾಗೆ ಕಾಣುವ ಅಜ್ಜಿಯರು, ಸ್ಫಟಿಕದ ಗೋಳ ನೋಡಿ ದೂರದ್ದನ್ನು ತೋರಿಸುವ ಹೆಂಗಸು, ಇವೆಲ್ಲ ಅವರಿಗೆ ಸರಿಬರಲಿಲ್ಲ. ಅಮೆರಿಕದ ಗ್ರಂಥಾಲಯ ಸಂಘದವರು ಮಾಡಿದ, 1990ರ ದಶಕದಲ್ಲಿ ಅತಿ ಹೆಚ್ಚು ಆಕ್ಷೇಪಣೆ ಬಂದ ಪುಸ್ತಕಗಳ ಪಟ್ಟಿಯಲ್ಲಿ ಇದೂ ಇದೆ.

ಆ ತಂದೆತಾಯಿಯರಿಗೆ ತುಂಬ ನೋವಾಗಿದ್ದು ಐದನೇ ಅಧ್ಯಾಯದ ಒಂದು ಜಾಗ. ಭೂಮಿಯ ಸುತ್ತ ಕವಿದ ಕತ್ತಲೆಯ ಜೊತೆ ಇಲ್ಲಿಯವರೆಗೆ ಹೋರಾಡಿದವರು ಯಾರು ಎಂದು ಅಜ್ಜಿಯರು ಕೇಳುತ್ತಾರೆ. ಪುಟ್ಟ ಹುಡುಗ ಮೊದಲು ಯೇಸುವಿನ ಹೆಸರು ಹೇಳುತ್ತಾನೆ. ಆಮೇಲೆ ಷೇಕ್ಸ್‌ಪಿಯರ್, ಬಾಖ್, ಪ್ಯಾಶ್ಚರ್, ಮೇರಿ ಕ್ಯೂರಿ, ಐನ್‌ಸ್ಟೈನ್, ಜೊತೆಗೆ ನಮ್ಮ ಗಾಂಧಿ ಮತ್ತು ಬುದ್ಧ. ಮೆಗ್ ತನ್ನ ಪಾಲಿಗೆ ಯೂಕ್ಲಿಡ್ ಮತ್ತು ಕೋಪರ್ನಿಕಸ್ ಸೇರಿಸುತ್ತಾಳೆ. ಯೇಸುವನ್ನು ಮನುಷ್ಯರ ಸಾಲಿನಲ್ಲಿ ನಿಲ್ಲಿಸಿದರು ಎಂದು ಅಲ್ಲಿಯವರು ನೊಂದರು. ಯೇಸುವನ್ನು ಸಾಲಿನ ಮೊದಲಲ್ಲಿ ನಿಲ್ಲಿಸಿದರು ಎಂದು ಇಲ್ಲಿಯವರು ನೊಂದಿದ್ದಾರೆ. ಪುಟ ಒಂದೇ.

ನಮ್ಮ ಗುಂಪಿನಲ್ಲಿ ಚರ್ಚಿಗೆ ಹೋಗುವ ಹುಡುಗಿ ಇದ್ದಾಳೆ, ಮಸೀದಿಗೆ ಹೋಗುವ ಹುಡುಗ ಇದ್ದಾನೆ, ಉಳಿದವರ ಮನೆಗಳಲ್ಲಿ ಅವರವರ ದೇವರಿದ್ದಾರೆ. ಆ ಪುಟ ಬಂದಾಗ ಯಾರಿಗೂ ನೋವಾಗಲಿಲ್ಲ. ಅವರಿಗೆ ಪಟ್ಟಿ ಚಿಕ್ಕದಾಗಿ ಕಂಡಿತು, ಅಷ್ಟೆ. ಬಸವಣ್ಣ ಯಾಕಿಲ್ಲ ಎಂದರು. ಅಂಬೇಡ್ಕರ್ ಬಂದರು, ಅಬ್ದುಲ್ ಕಲಾಂ ಬಂದರು. ಸಿದ್ಧಗಂಗೆಯ ಶಿವಕುಮಾರ ಸ್ವಾಮಿಗಳು ಬಂದರು. ಒಬ್ಬಳು ಕೋವಿಡ್ ಕಾಲದಲ್ಲಿ ಮನೆಮನೆಗೆ ಹೋಗಿ ಜ್ವರ ನೋಡಿದ ತನ್ನ ಚಿಕ್ಕಮ್ಮನ ಹೆಸರು ಬರೆಸಿದಳು, ಅವರು ಆಶಾ ಕಾರ್ಯಕರ್ತೆ. ಯಾರ ಹೆಸರನ್ನೂ ಯಾರೂ ಅಳಿಸು ಎನ್ನಲಿಲ್ಲ.

ಮಕ್ಕಳು ನಿಜವಾಗಿ ಜಗಳ ಆಡಿದ್ದು ಬೇರೆ ಕಡೆ. ಕಮಾಜೋಟ್ಜ್‌ನ ಬೀದಿಯಲ್ಲಿ ಎಲ್ಲ ಮನೆಗಳೂ ಒಂದೇ ಥರ. ಪ್ರತಿ ಮನೆಯ ಮುಂದೆ ಮಕ್ಕಳು ಚೆಂಡು ಪುಟಿಸುತ್ತಾರೆ, ಹಗ್ಗ ಆಡುತ್ತಾರೆ, ಎಲ್ಲವೂ ಒಂದೇ ತಾಳಕ್ಕೆ. ಒಬ್ಬ ಹುಡುಗನ ಚೆಂಡು ಮಾತ್ರ ಎತ್ತೆತ್ತಲೋ ಹೋಗುತ್ತದೆ. ಅವನ ಅಮ್ಮ ಗಾಬರಿಯಿಂದ ಓಡಿಬಂದು ಅವನನ್ನು ಒಳಗೆ ಎಳೆದುಕೊಳ್ಳುತ್ತಾಳೆ. ಮುಂದೆ ಅದೇ ಹುಡುಗನನ್ನು ಒಂದು ಕೋಣೆಯಲ್ಲಿ ನಿಲ್ಲಿಸಿ ತಾಳಕ್ಕೆ ಸರಿಯಾಗಿ ಚೆಂಡು ಪುಟಿಸುವುದನ್ನು ಕಲಿಸುತ್ತಿರುತ್ತಾರೆ. ಚೆಂಡು ನೆಲಕ್ಕೆ ಬಿದ್ದಾಗಲೆಲ್ಲ ಅವನು ನೋವಿನಿಂದ ಕಿರುಚುತ್ತಾನೆ.

ಆ ಅಮ್ಮ ಕೆಟ್ಟವಳು ಎಂದು ಹುಡುಗರು. ಕೆಟ್ಟವಳಲ್ಲ, ಹೆದರಿದವಳು ಎಂದು ಒಂಬತ್ತನೇ ಕ್ಲಾಸಿನ ಹುಡುಗಿ. ಮಾರ್ಕ್ಸ್ ಕಡಿಮೆ ಬಂದರೆ ನಮ್ಮಮ್ಮನೂ ಹಾಗೇ ಹೆದರುತ್ತಾರೆ, ನೆಂಟರ ಮುಂದೆ ನನ್ನನ್ನು ಒಳಗೆ ಕಳಿಸುತ್ತಾರೆ ಎಂದಳು. ನಾನು ಏನೂ ಹೇಳಿಕೊಟ್ಟಿರಲಿಲ್ಲ ಸಂಪಾದಕರೇ. ಆ ಮಾತು ಅವಳದೇ.

ಇದೇ ಗ್ರಹವನ್ನು ನಿಮ್ಮ ಮೂರನೇ ಪತ್ರದವರು ಕಮ್ಯುನಿಸ್ಟ್ ದೇಶ ಎಂದರು. ಶೀತಲ ಸಮರದ ಕಾಲದ ಪುಸ್ತಕ, ಹಾಗೆ ಓದಿದವರು ತುಂಬ ಜನ. ಆದರೆ ಹಸ್ತಪ್ರತಿಯಿಂದ ಕೈಬಿಟ್ಟಿದ್ದ ಕೆಲವು ಪುಟಗಳು 2015ರಲ್ಲಿ ಬೆಳಕಿಗೆ ಬಂದವು. ಕಂಡುಹಿಡಿದವರು ಲೆಂಗಲ್ ಅವರ ಮೊಮ್ಮಗಳು. ಅದರಲ್ಲಿ ಮೆಗ್ ಅಪ್ಪನನ್ನು ಕೇಳುತ್ತಾಳೆ, ಒಂದು ಗ್ರಹ ಹೀಗಾಗುವುದು ಹೇಗೆ ಅಂತ. ಸರ್ವಾಧಿಕಾರದಿಂದ ಮಾತ್ರ ಅಲ್ಲ, ಎಲ್ಲವೂ ಸುರಕ್ಷಿತವಾಗಿಯೇ ಇರಬೇಕು ಎಂಬ ಅತಿ ಆಸೆಯಿಂದ ಪ್ರಜಾಪ್ರಭುತ್ವವೂ ಹೀಗಾಗಬಹುದು ಎಂಬ ಅರ್ಥದಲ್ಲಿ ಅಪ್ಪ ಉತ್ತರಿಸುತ್ತಾರೆ. ಆ ಪುಟಗಳನ್ನು ಪುಸ್ತಕದಲ್ಲೇ ಉಳಿಸಬೇಕಿತ್ತು ಎಂದು ನನಗೆ ಅನಿಸುತ್ತದೆ. ನಮ್ಮ ಒಂಬತ್ತನೇ ಕ್ಲಾಸಿನವಳು ಅದನ್ನು ಓದದೆಯೇ ಅಲ್ಲಿಗೆ ತಲುಪಿದ್ದಳು ಅಲ್ವಾ?

‘ಇಟ್’ ತನ್ನ ಮನಸ್ಸಿಗೆ ನುಗ್ಗದಿರಲಿ ಎಂದು ಮೆಗ್ ಮೂಲಧಾತುಗಳ ಹೆಸರು ಹೇಳುತ್ತಾಳೆ, ವರ್ಗಮೂಲ ಹೇಳುತ್ತಾಳೆ. ಎಲ್ಲರೂ ಸಮಾನರು ಎಂಬ ತನ್ನ ದೇಶದ ಸ್ವಾತಂತ್ರ್ಯ ಘೋಷಣೆಯ ಸಾಲನ್ನೂ ಹೇಳುತ್ತಾಳೆ. ಇಲ್ಲಿ ಎಲ್ಲರೂ ಒಂದೇ ಥರ ಇದ್ದಾರೆ, ನೀನು ಹೇಳುವ ಸಮಾನತೆ ಇದೇ ತಾನೇ ಎಂದು ‘ಇಟ್’ ಕೆಣಕುತ್ತದೆ. ಒಂದೇ ಥರ ಇರುವುದು ಬೇರೆ, ಸಮಾನರಾಗಿರುವುದು ಬೇರೆ ಎಂದು ಅವಳಿಗೆ ಆಗ ಹೊಳೆಯುತ್ತದೆ. ನಾನು ಬೋರ್ಡಿನ ಮೇಲೆ ಎರಡು ತ್ರಿಕೋನ ಬರೆದೆ. ಒಂದು ಉದ್ದ, ಒಂದು ಗಿಡ್ಡ, ವಿಸ್ತೀರ್ಣ ಸಮ. ಒಂದರ ಮೇಲೊಂದು ಇಟ್ಟರೆ ಕೂರುವುದಿಲ್ಲ. ಶಾಲೆಯಲ್ಲಿ ಎಷ್ಟೋ ವರ್ಷ ಇದೇ ಪಾಠ ಮಾಡಿದ್ದೇನೆ, ಅವತ್ತಿನಷ್ಟು ಗಮನ ಕೊಟ್ಟು ಮಕ್ಕಳು ಯಾವತ್ತೂ ನೋಡಿರಲಿಲ್ಲ.

ಮೆಗ್ ಸಿಟ್ಟಿನ ಹುಡುಗಿ. ಕನ್ನಡಕ, ಹಲ್ಲಿಗೆ ತಂತಿ, ಶಾಲೆಯಲ್ಲಿ ಜಗಳ. ಅಷ್ಟು ಕಷ್ಟಪಟ್ಟು ಬಿಡಿಸಿದ ಅಪ್ಪ, ‘ಇಟ್’ ವಶವಾಗಿದ್ದ ಚಾರ್ಲ್ಸ್ ವ್ಯಾಲೇಸನನ್ನು ಅಲ್ಲೇ ಬಿಟ್ಟು ಮೆಗ್, ಕ್ಯಾಲ್ವಿನ್ ಇಬ್ಬರನ್ನು ಮಾತ್ರ ಪಾರು ಮಾಡಿದಾಗ ಅವಳು ಅಪ್ಪನ ಮೇಲೇ ಹರಿಹಾಯುತ್ತಾಳೆ. ಇಲ್ಲಿ ನಮ್ಮ ಪಡಸಾಲೆ ಎರಡು ಭಾಗವಾಯಿತು. ಅಪ್ಪನಿಗೆ ಹಾಗೆ ಅನ್ನಬಾರದು ಎಂದು ಅರ್ಧ ಜನ. ಅಪ್ಪನೂ ಮನುಷ್ಯನೇ, ಅವನಿಗೂ ಎಲ್ಲ ಗೊತ್ತಿರಲ್ಲ ಎಂಬುದು ಗೊತ್ತಾದಾಗ ಸಿಟ್ಟು ಬಂದೇ ಬರುತ್ತದೆ ಎಂದು ಇನ್ನರ್ಧ. ಮುಂದಿನ ಶನಿವಾರವೂ ಅದೇ ನಡೆಯಿತು. ಅಂಥ ಜಗಳ ಆಡಲು ಮಕ್ಕಳಿಗೆ ಬೇರೆ ಜಾಗ ಎಲ್ಲಿದೆ ಹೇಳಿ. ಮನೆಯಲ್ಲಿ ಆಡುವ ಹಾಗಿಲ್ಲ, ಶಾಲೆಯಲ್ಲೂ ಆಡುವ ಹಾಗಿಲ್ಲ.

ಮಕ್ಕಳು ಪುಸ್ತಕವನ್ನು ಸುಮ್ನೆ ಹೊಗಳಲಿಲ್ಲ ಎನ್ನುವುದನ್ನೂ ಹೇಳಬೇಕು. ನಿನ್ನ ಕಣ್ಣು ತುಂಬ ಚಂದ, ಬೇರೆ ಯಾರೂ ನೋಡಬಾರದು, ಕನ್ನಡಕ ಹಾಕಿಕೊಂಡೇ ಇರು ಎಂದು ಕ್ಯಾಲ್ವಿನ್ ಮೆಗ್‌ಗೆ ಹೇಳುವ ಜಾಗವಿದೆ. ನಮ್ಮಲ್ಲಿ ಕನ್ನಡಕ ಹಾಕುವ ಹುಡುಗಿಯರಿಗೆ ಅದು ಒಂಚೂರೂ ಹಿಡಿಸಲಿಲ್ಲ. ಅದನ್ನು ಹೇಳಲು ಅವನ್ಯಾರು ಎಂದರು. ನಾನೂ ಅವರ ಕಡೆಯೇ. ಕೊನೆಯಲ್ಲಿ ಮೆಗ್ ಒಬ್ಬಳೇ ವಾಪಸ್ ಹೋಗಿ, ಪ್ರೀತಿಯೊಂದರಿಂದಲೇ ತಮ್ಮನನ್ನು ಬಿಡಿಸುತ್ತಾಳೆ. ಇದು ಮೋಸ, ಇಷ್ಟು ಸುಲಭವಾಗಿದ್ದರೆ ಮೊದಲೇ ಮಾಡಬಹುದಿತ್ತು ಎಂದ ಎಂಟನೇ ಕ್ಲಾಸಿನ ಹುಡುಗ. ಅವನ ಮಾತಿನಲ್ಲಿ ಹುರುಳಿದೆ. ಕೊನೆಯ ಪುಟಗಳು ತೀರಾ ಅವಸರದವು, ಅವರು ಮನೆಯ ತರಕಾರಿ ತೋಟಕ್ಕೆ ಬಂದು ಬಿದ್ದೊಡನೆ ಕಥೆ ಮುಗಿದೇ ಹೋಗುತ್ತದೆ. ಆದರೆ ಸುಲಭ ಎಂಬುದನ್ನು ನಾನು ಒಪ್ಪಲಿಲ್ಲ. ಹೆದರಿಕೆಯಿಂದ ನಡುಗುತ್ತಲೇ ಅವಳು ಹೋಗುತ್ತಾಳೆ, ವಾಪಸ್ ಬರುವ ಭರವಸೆ ಯಾರೂ ಕೊಟ್ಟಿರುವುದಿಲ್ಲ. ಅವನು ಇನ್ನೂ ಒಪ್ಪಿಲ್ಲ. ಒಪ್ಪಬೇಕಾಗಿಯೂ ಇಲ್ಲ.

ಎಲ್ಲರಿಗೂ ಒಟ್ಟಿಗೆ ಇಷ್ಟವಾದದ್ದು ಮೆಗ್‌ಳ ಅಮ್ಮ. ಅವರೂ ವಿಜ್ಞಾನಿ, ಪ್ರಯೋಗ ಬಿಟ್ಟು ಏಳಲು ಮನಸ್ಸಾಗದೆ ಲ್ಯಾಬಿನ ಬನ್ಸನ್ ಬರ್ನರ್ ಮೇಲೆಯೇ ಸಾರು ಕುದಿಸುತ್ತಾರೆ.

2018ರಲ್ಲಿ ಬಂದ ಸಿನಿಮಾ ನೋಡಿ ಪುಸ್ತಕವನ್ನು ಅಳೆಯಬೇಡಿ ಎಂದು ತಂದೆತಾಯಿಯರಲ್ಲಿ ಕೇಳಿಕೊಳ್ಳುತ್ತೇನೆ. ಅದರಲ್ಲಿ ಬೈಬಲ್ಲಿನ ಮಾತುಗಳನ್ನೂ ಬಿಟ್ಟಿದ್ದಾರೆ, ಮೆಗ್‌ಳ ಅವಳಿ ತಮ್ಮಂದಿರನ್ನೂ ಬಿಟ್ಟಿದ್ದಾರೆ.

ನಾನು ಇಷ್ಟು ಉದ್ದ ಬರೆಯಲು ಕಾರಣವಿದೆ. ನಿಮ್ಮಲ್ಲಿ ಬಂದ ಆಕ್ಷೇಪದ ಪತ್ರಗಳನ್ನು ಓದಿ, ನಮ್ಮ ಕಡೆಯ ಒಂದು ಶಾಲೆಯಲ್ಲಿ ಈ ಪುಸ್ತಕವನ್ನು ಲೈಬ್ರರಿಯ ಕಪಾಟಿನಿಂದ ತೆಗೆದು ಬೀರುವಿಗೆ ಹಾಕಿ ಬೀಗ ಹಾಕಿದ್ದಾರೆ. ಹಾಗೆ ಮಾಡಿದವರು ಅದನ್ನು ಓದಿಲ್ಲ ಎಂದು ಅವರೇ ನನಗೆ ಹೇಳಿದರು. ಪುಸ್ತಕ ಕೇಳಿದ ಹುಡುಗಿಗೆ ಪರೀಕ್ಷೆ ಮುಗಿಯಲಿ ನೋಡೋಣ ಎಂದರಂತೆ. ಆಕ್ಷೇಪ ಬರೆದ ಇಬ್ಬರೂ ಹಿರಿಯರನ್ನು ನಾನು ಕೈಮುಗಿದು ಕೇಳುತ್ತೇನೆ. ನಿಮ್ಮ ಮನೆಯ ಮಗುವಿನ ಜೊತೆ ಕೂತು ಓದಿ, ಸರಿಯಿಲ್ಲ ಅನಿಸಿದ್ದನ್ನು ಆ ಮಗುವಿಗೇ ಹೇಳಿ. ಮಗು ಏನು ಹೇಳುತ್ತದೋ ಅದನ್ನೂ ಕೇಳಿ. ಬೀಗ ಮಾತ್ರ ಬೇಡ.

ಸಂಪಾದಕರಲ್ಲೂ ಒಂದು ಬೇಡಿಕೆ. ನಮ್ಮ ಗುಂಪಿನ ಮಕ್ಕಳು ಈ ಪುಸ್ತಕದ ಬಗ್ಗೆ ತಾವೇ ಬರೆದ ಪತ್ರಗಳನ್ನು ಇದರ ಜೊತೆ ಕಳಿಸಿದ್ದೇನೆ. ಹೊಗಳಿದ್ದೂ ಇದೆ, ಬೈದದ್ದೂ ಇದೆ. ನಾನು ಕಾಗುಣಿತ ಕೂಡ ತಿದ್ದಿಲ್ಲ. ಪುರವಣಿಯಲ್ಲಿ ಅರ್ಧ ಪುಟ ಸಿಕ್ಕರೆ ಸಾಕು. ಎಲ್ಲವನ್ನೂ ಹಾಕಲು ಆಗದಿದ್ದರೆ, ಕೊನೆ ಮೋಸ ಎಂದ ಹುಡುಗನದನ್ನು ಮೊದಲು ಹಾಕಿ.

ಇಂತಿ,
ನಿವೃತ್ತ ಗಣಿತ ಶಿಕ್ಷಕಿ
ತಿಪಟೂರು