ವಿಲ್ಮಾಳ ಕಾಲು ಒತ್ತಿದ ಕೈಗಳು

ಪ್ರೀತಿಯ ಪುಟ್ಟಿಗೆ,

ಅತ್ತೆಯ ಆಶೀರ್ವಾದ.

ಮೊನ್ನೆ ಫೋನಿನಲ್ಲಿ ನೀನು ಕೇಳಿದ್ದು ಇನ್ನೂ ಕಿವಿಯಲ್ಲೇ ಇದೆ. "ಪೇಪರ್ ತೆಗೆದರೆ ಲಂಚ, ಜಾತಿ ಜಗಳ, ಹೆಣ್ಣುಮಕ್ಕಳ ಮೇಲೆ ದೌರ್ಜನ್ಯ. ಓದಿದವರಿಗೆ ಕೆಲಸ ಇಲ್ಲ. ಆದರೂ ಇರೋದಕ್ಕೆ ಋಣಿಯಾಗಿರು ಅಂತಾರೆ. ಯಾರಿಗೆ ಅತ್ತೆ, ಯಾತಕ್ಕೆ?" ಅಂದೆ. ಆಗ ನನಗೆ ಉತ್ತರ ಹೊಳೆಯಲಿಲ್ಲ. ಊಟ ಆಯ್ತಾ ಅಂತ ಕೇಳಿ ಮಾತು ಮರೆಸಿಬಿಟ್ಟೆ. ಹಾಗೆ ಮಾಡಬಾರದಿತ್ತು. ಅದಕ್ಕೇ ಕೂತು ಬರೆಯುತ್ತಿದ್ದೇನೆ.

ನಿನ್ನ ಸಿಟ್ಟು ಸರಿಯಾಗಿಯೇ ಇದೆ. ಅದನ್ನು ಬಿಡು ಅಂತ ನಾನು ಹೇಳುವುದಿಲ್ಲ. ನಿನಗಿಂತ ಕಷ್ಟದಲ್ಲಿ ಇರುವವರನ್ನು ನೋಡಿ ಸಮಾಧಾನ ಮಾಡಿಕೋ ಅನ್ನುವ ಮಾತು ನನಗೆ ಯಾವತ್ತೂ ಹಿಡಿಸಿಲ್ಲ. ಇನ್ನೊಬ್ಬರ ಕಷ್ಟ ಇರುವುದು ನಮ್ಮ ಸಮಾಧಾನಕ್ಕಲ್ಲ.

ನಿನಗೆ ಓಟ ಅಂದರೆ ಪ್ರಾಣ. ಅದಕ್ಕೆ ಒಬ್ಬ ಓಟಗಾರ್ತಿಯ ಕಥೆ ಹೇಳುತ್ತೇನೆ. ವಿಲ್ಮಾ ರುಡಾಲ್ಫ್. ಹೆಸರು ಕೇಳಿರುತ್ತೀಯ. ಪದಕಗಳ ಲೆಕ್ಕವೂ ಗೊತ್ತಿರಬಹುದು. ನಾನು ಹೇಳಬೇಕು ಅಂದುಕೊಂಡಿರುವುದು ಅದರ ಹಿಂದಿನದು ಮತ್ತು ಮುಂದಿನದು.

ಅವಳು ಹುಟ್ಟಿದ್ದು 1940ರಲ್ಲಿ, ಅಮೆರಿಕದ ಟೆನೆಸ್ಸಿಯಲ್ಲಿ. ತಂದೆಯ ಎರಡು ಮದುವೆಗಳಿಂದ ಒಟ್ಟು 22 ಮಕ್ಕಳು, ಇವಳು 20ನೆಯವಳು. ದಿನ ತುಂಬುವ ಮೊದಲೇ ಹುಟ್ಟಿದ, ಎರಡು ಕಿಲೋ ತೂಗುವ ಮಗು. ನ್ಯುಮೋನಿಯಾ ಬಂತು, ಜ್ವರಗಳು ಬಂದವು, ಆಮೇಲೆ ಪೋಲಿಯೊ. ಎಡಗಾಲು ಸೋತಿತು. ಮನೆಯಲ್ಲಿ ದುಡ್ಡಿಲ್ಲ. ತಾಯಿ ಬಿಳಿಯರ ಮನೆಗಳಲ್ಲಿ ಕೆಲಸ ಮಾಡುತ್ತಿದ್ದಳು. ಕಪ್ಪು ಜನರಿಗೆ ಅವರ ಊರು ಕ್ಲಾರ್ಕ್ಸ್‌ವಿಲ್‌ನಲ್ಲಿ ಸರಿಯಾದ ಚಿಕಿತ್ಸೆ ಸಿಗುತ್ತಿರಲಿಲ್ಲ. ಹಾಗಾಗಿ ವಾರಕ್ಕೊಮ್ಮೆ ಮಗಳನ್ನು ಕರೆದುಕೊಂಡು ಸುಮಾರು 80 ಕಿಲೋಮೀಟರ್ ದೂರದ ನ್ಯಾಶ್‌ವಿಲ್‌ಗೆ ಬಸ್ಸಿನಲ್ಲಿ ಹೋಗಬೇಕಿತ್ತು. ಅಲ್ಲಿನ ಮೆಹ್ಯಾರಿ ಕಾಲೇಜಿನ ಆಸ್ಪತ್ರೆ ಕಪ್ಪು ಜನರನ್ನು ನೋಡುತ್ತಿತ್ತು. ಬಸ್ಸಿನಲ್ಲೂ ಕಪ್ಪು ಜನರಿಗೆ ಹಿಂದಿನ ಸೀಟೇ. ಕಾಯಿಲೆಯ ಮಗುವಿದೆ ಅಂತ ಯಾರೂ ಮುಂದೆ ಕೂರಿಸಲಿಲ್ಲ.

ಅಲ್ಲಿನ ಡಾಕ್ಟರರು ಕಾಲು ಒತ್ತುವುದು ಹೇಗೆ ಅಂತ ತಾಯಿಗೆ ಕಲಿಸಿದರು. ದಿನಕ್ಕೆ ನಾಲ್ಕು ಸಲ ಒತ್ತಬೇಕು. ಕೆಲಸಕ್ಕೆ ಹೋಗುವ ತಾಯಿ ಒಬ್ಬಳಿಂದ ಆಗುವುದಾ? ಅಣ್ಣ ಅಕ್ಕಂದಿರು ಪಾಳಿ ಹಾಕಿಕೊಂಡರು. ಒಂದು ದಿನ ಎರಡು ದಿನ ಅಲ್ಲ ಪುಟ್ಟಿ, ವರ್ಷಗಟ್ಟಲೆ. ನಾನು ಇದನ್ನು ಓದುವಾಗ ಪ್ರತಿ ಸಲವೂ ಇಲ್ಲೇ ನಿಂತುಬಿಡುತ್ತೇನೆ. ಆ ಮಕ್ಕಳಿಗೂ ಆಟ ಇತ್ತು, ನಿದ್ದೆ ಇತ್ತು, ಬೇಸರ ಇತ್ತು. ಆದರೂ ತಂಗಿಯ ಕಾಲು ಹಿಡಿದು ಕೂತರು. ಅವರಲ್ಲಿ ಹೆಚ್ಚಿನವರ ಹೆಸರು ನನಗೂ ಗೊತ್ತಿಲ್ಲ, ನಿನಗೂ ಗೊತ್ತಿಲ್ಲ.

ಕಾಲಿಗೆ ಹಾಕಿದ್ದ ಲೋಹದ ಪಟ್ಟಿ ಒಂದು ದಿನ ಕಳಚಿತು. 12 ವರ್ಷ ಆಗುವ ಹೊತ್ತಿಗೆ ಯಾವ ಆಸರೆಯೂ ಬೇಕಿರಲಿಲ್ಲ. 16ಕ್ಕೆ ಮೆಲ್ಬರ್ನ್ ಒಲಿಂಪಿಕ್ಸ್‌ನ ರಿಲೇಯಲ್ಲಿ ಕಂಚು. 1960ರಲ್ಲಿ ರೋಮ್. 100 ಮೀಟರ್ ಚಿನ್ನ, 200 ಮೀಟರ್ ಚಿನ್ನ. ನಾಲ್ಕು ಜನರ ರಿಲೇಯಲ್ಲಿ ಕೊನೆಯ ಓಟ ಇವಳದ್ದು. ಬ್ಯಾಟನ್ ಕೈಗೆ ಬರುವಾಗ ತಡವರಿಸಿ ಹಿಂದೆ ಬಿದ್ದಳು. ಆದರೂ ಮುಂದಿದ್ದವಳನ್ನು ಹಿಂದಿಕ್ಕಿ ಗೆದ್ದಳು. ಒಂದೇ ಒಲಿಂಪಿಕ್ಸ್‌ನ ಓಟದಲ್ಲಿ ಮೂರು ಚಿನ್ನ ಗೆದ್ದ ಮೊದಲ ಅಮೆರಿಕನ್ ಹೆಂಗಸು ಅವಳೇ. ರಿಲೇಯ ನಾಲ್ಕೂ ಜನ ಒಂದೇ ವಿಶ್ವವಿದ್ಯಾಲಯದವರು, ಎಡ್ ಟೆಂಪಲ್ ಅನ್ನುವ ಒಬ್ಬರೇ ಕೋಚ್ ತಿದ್ದಿದವರು. ಬ್ಯಾಟನ್ ಅವಳ ಕೈ ತಲುಪುವ ಮೊದಲು ಮೂರು ಜನ ಅದನ್ನು ಹೊತ್ತು ಓಡಿದ್ದರು, ಅಲ್ವಾ?

ಈಗ ನಿನ್ನ ಪ್ರಶ್ನೆಗೆ ಬರುತ್ತೇನೆ. ಗೆದ್ದು ಬಂದ ಮಗಳಿಗೆ ಊರಿನಲ್ಲಿ ದೊಡ್ಡ ಸನ್ಮಾನ ಅಂದರು. ಆ ಕಾಲದಲ್ಲಿ ಅಲ್ಲಿ ಮೆರವಣಿಗೆ ಆದರೂ ಔತಣ ಆದರೂ ಬಿಳಿಯರಿಗೆ ಬೇರೆ, ಕಪ್ಪು ಜನರಿಗೆ ಬೇರೆ. ಹಾಗಿದ್ದರೆ ನಾನು ಬರುವುದಿಲ್ಲ ಅಂದಳು ವಿಲ್ಮಾ. ಇಪ್ಪತ್ತು ವರ್ಷದ ಹುಡುಗಿ! ಊರು ಒಪ್ಪಬೇಕಾಯಿತು. 1960ರ ಅಕ್ಟೋಬರ್ 4ರಂದು ಕ್ಲಾರ್ಕ್ಸ್‌ವಿಲ್‌ನಲ್ಲಿ ಎರಡೂ ಕಡೆಯ ಜನ ಒಂದೇ ಬೀದಿಯಲ್ಲಿ ನಿಂತು ಅವಳನ್ನು ನೋಡಿದರು, ಒಟ್ಟಿಗೆ ಕೂತು ಉಂಡರು. ಆ ಊರಿನ ಇತಿಹಾಸದಲ್ಲಿ ಅಂಥದ್ದು ಅದೇ ಮೊದಲು.

ನೋಡು, ಇಷ್ಟು ಮಾಡಿದ್ದೇವೆ, ಋಣಿಯಾಗಿರು, ತೆಪ್ಪಗೆ ಹಾರ ಹಾಕಿಸಿಕೋ ಅನ್ನಬಹುದಿತ್ತು ಊರು. ಅವಳ ಋಣ ಇದ್ದದ್ದು ಕಾಲು ಒತ್ತಿದ ಕೈಗಳಿಗೆ. ಹಿಂದಿನ ಸೀಟು ತೋರಿಸಿದವರಿಗಲ್ಲ. ಸನ್ಮಾನದಲ್ಲಿ ತಾಯಿ ಒಂದು ಕಡೆ, ಊರು ಒಂದು ಕಡೆ ಕೂರುವುದಾದರೆ ಆ ಋಣಕ್ಕೆ ಏನು ಬೆಲೆ ಉಳಿಯಿತು? ನನ್ನ ಬುದ್ಧಿಗೆ ತೋಚಿದ್ದು ಇಷ್ಟು. ಅವಳ ಬೇಡ ಅನ್ನುವ ಗಟ್ಟಿತನ ಬಂದದ್ದು ಆ ಕೈಗಳಿಂದಲೇ. ನೀನು ಋಣ ಒಂದು ಕಡೆ, ಸಿಟ್ಟು ಇನ್ನೊಂದು ಕಡೆ ಇಟ್ಟುಕೊಂಡು ಒದ್ದಾಡುತ್ತಿದ್ದೀಯ. ಎರಡನ್ನೂ ಇಟ್ಟುಕೋ. ಯಾರಿಗೆ ಯಾವುದು ಸಲ್ಲಬೇಕು ಅಂತ ಮಾತ್ರ ಸರಿಯಾಗಿ ನೋಡಿಕೋ.

ಇದನ್ನು ನಾನು ಕಲಿತದ್ದು ತಡವಾಗಿ. ನಾನೂ ಹೈಸ್ಕೂಲಿನಲ್ಲಿ ಓಡುತ್ತಿದ್ದೆ, ನಿನಗೆ ಗೊತ್ತಿಲ್ಲ. 200 ಮೀಟರ್. ಶಾಲೆಯಲ್ಲಿ ಎಲ್ಲರಿಗಿಂತ ಮುಂದೆ. ಹೊರಗಿನ ಸ್ಪರ್ಧೆಗೆ ಹುಡುಗರನ್ನು ಕಳಿಸಿದರು. ಹುಡುಗಿಯ ಜೊತೆ ಯಾರು ಹೋಗುತ್ತಾರೆ ಅಂದು ನನ್ನ ಹೆಸರು ಬಿಟ್ಟರು. ಆವತ್ತೇ ಓಟ ನಿಲ್ಲಿಸಿದೆ. ಆ ಸಿಟ್ಟು ತಪ್ಪಲ್ಲ. ತಪ್ಪಾದದ್ದು ಬೇರೆ ಕಡೆ. ಆ ದಿನಗಳಲ್ಲಿ ನಸುಕಿನಲ್ಲಿ ನನ್ನ ಜೊತೆ ಮೈದಾನಕ್ಕೆ ಬರುತ್ತಿದ್ದವನು ನಿನ್ನ ಅಪ್ಪ. ಆಗ ಒಂಬತ್ತು ವರ್ಷದ ಹುಡುಗ. ನಮ್ಮ ಹತ್ತಿರ ಗಡಿಯಾರ ಇರಲಿಲ್ಲ. ನಾನು ಓಡಲು ಶುರು ಮಾಡಿದರೆ ಅವನು ಜೋರಾಗಿ ಒಂದು, ಎರಡು, ಮೂರು ಅಂತ ಎಣಿಸುತ್ತಿದ್ದ. ಚಳಿಗೆ ಹಲ್ಲು ಕಟಕಟ ಅಂದರೂ ಎಣಿಕೆ ತಪ್ಪುತ್ತಿರಲಿಲ್ಲ. ನಾನು ಓಟ ಬಿಟ್ಟ ಮೇಲೂ ಕೆಲವು ದಿನ ನಸುಕಿನಲ್ಲೇ ಎದ್ದು ಬಾಗಿಲಲ್ಲಿ ಕಾದ. "ಹೋಗೋ, ಮಲಕ್ಕೋ" ಅಂತ ಗದರಿಸಿದೆ. ನನಗೆ ಅನ್ಯಾಯ ಮಾಡಿದವರ ಮುಖ ಇವತ್ತಿಗೂ ನೆನಪಿದೆ. ನನಗಾಗಿ ಎಣಿಸಿದವನಿಗೆ ಒಂದು ಒಳ್ಳೆಯ ಮಾತು ಹೇಳಿದ ನೆನಪಿಲ್ಲ.

ನಿನಗೆ ಹಾಗಾಗುವುದು ಬೇಡ. ಸಿಟ್ಟು ಬಂದಾಗಲೆಲ್ಲ ಸುಮ್ನೆ ಒಂದು ಸಲ ನಿನ್ನ ಹಿಂದೆ ತಿರುಗಿ ನೋಡು. ಯಾರು ಫೀಸು ಕಟ್ಟಿದರು, ಯಾರು ಶೂ ಕೊಡಿಸಿದರು, ನೋವಾದಾಗ ಯಾರು ಬಿಸಿನೀರು ಹಿಡಿದು ನಿಂತರು. ಅವರಿಗೆ ಬಾಯಿಬಿಟ್ಟು ಹೇಳು. ಹೇಳಿದ ಮೇಲೆ ಎಲ್ಲಿ ಜಗಳ ಆಡಬೇಕೋ ಆಡು, ಅತ್ತೆ ನಿನ್ನ ಜೊತೆ ಇದ್ದಾಳೆ. ಓಟ ಮಾತ್ರ ಬಿಡಬೇಡ. ಯಾರೋ ನಿನ್ನ ಹೆಸರು ಬಿಟ್ಟರೆ ಬಿಡಲಿ, ನೀನಾಗಿ ಬಿಡಬೇಡ.

ಈ ಪತ್ರ ಓದಿ ಮುಗಿಸಿ ಅಪ್ಪನ ಕೈಗೆ ಕೊಡು. ಎಣಿಸಿದ್ದರ ವಿಷಯ ಇರುವ ಕಡೆ ಒಂದು ಗೆರೆ ಎಳೆದು ಕೊಡು. ಭಾನುವಾರ ಬೆಳಿಗ್ಗೆ ನಾನೇ ಅವನಿಗೆ ಫೋನ್ ಮಾಡುತ್ತೇನೆ.

ಇಂತಿ ನಿನ್ನ
ಅತ್ತೆ